ಬೋಗಾದಿ ಏರಿಯ ನೇರಳೆ ಹೂವು

ಮನೆ ನೋಡಿಕೊಂಡು ಹೂಟಗಳ್ಳಿಯಿಂದ ವಾಪಸು ಬರುತ್ತಿದ್ದೆ. ಮನೆ ಚೆನ್ನಾಗಿಯೇ ಇತ್ತು, ಬಾಡಿಗೆಯೂ ಕೈಗೆಟುಕುವಂತಿತ್ತು. ಓನರ್ ಇರಲಿಲ್ಲ. ಪಕ್ಕದ ಮನೆಯಾಕೆ ಬೀಗ ತೆಗೆದು ತೋರಿಸಿ, "ನಾಳೆ ಬೆಳಗ್ಗೆ ಓನರ್ ಇರ್ತಾರೆ, ನಿಮ್ಮ ತಾಯೀನೂ ಕರ್ಕೊಂಡ್ಬನ್ನಿ. ಒಂದೆರಡು ಮಾತು ಕೇಳ್ಬೇಕಂತೆ" ಎಂದರು. ಆ ಒಂದೆರಡು ಮಾತು ಯಾವುದೆಂದು ನನಗೆ ಗೊತ್ತು. ಎಷ್ಟು ಮನೆಗಳ ಬಾಗಿಲಲ್ಲಿ ನಿಂತು ಅದಕ್ಕೆ ಉತ್ತರ ಕೊಟ್ಟಿದ್ದೇವೋ ನೆನಪಿಲ್ಲ. ತಲೆ ಕೆಟ್ಟುಹೋಗಿತ್ತು. ರಿಂಗ್ ರೋಡಿನಲ್ಲಿ ಲಾರಿಗಳ ಹಿಂದೆ ಹೊಗೆ ಕುಡಿಯುವುದು ಬೇಡವೆಂದು ಸ್ಕೂಟರನ್ನು ಬೋಗಾದಿಯ ಒಳರಸ್ತೆಗೆ ತಿರುಗಿಸಿದೆ. ಸೋನೆ ಹಿಡಿದಿತ್ತು. ಕೆರೆ ಏರಿ ಹತ್ತಿರ ಬರುತ್ತಿದ್ದಂತೆ ಆ ವಾಸನೆ ಹೆಲ್ಮೆಟ್ಟಿನೊಳಕ್ಕೇ ನುಗ್ಗಿತು. ಮಳೆಯಲ್ಲಿ ನೆನೆದು ಕೊಳೆಯುತ್ತಿರುವ ಸೇವಂತಿಗೆ, ಬಾಳೆ ಎಲೆ, ಅರಿಸಿನ, ಕರ್ಪೂರದ ಮಸಿ, ಎಲ್ಲ ಕಲೆತ ವಾಸನೆ.

ಅರಳಿ ಮರದ ಬುಡದಲ್ಲಿ ಸ್ಕೂಟರ್ ನಿಲ್ಲಿಸಿದೆ. ಮನೆಗೆ ಹೋಗಿ ಅವ್ವನಿಗೆ ಹೇಳಬೇಕಾದ ಮಾತು ಬಾಯಿಗೆ ಬರುತ್ತಿರಲಿಲ್ಲ. ವರ್ಷಗಳ ಹಿಂದೆ, ಬೋಗಾದಿಗೆ ನಾವು ಬಂದ ಆ ಮಳೆಗಾಲದಲ್ಲೂ ಹೀಗೇ ಆಗಿತ್ತು.

ಸಸ್ಯಶಾಸ್ತ್ರ ಓದಿದ್ದ ನನಗೆ ಆ ವರ್ಷ ಒಂದು ಕೆಲಸ ಸಿಕ್ಕಿತ್ತು. ಊರಿನ ಪಶ್ಚಿಮದ ಅಂಚಿನಲ್ಲಿ, ಲೇಔಟುಗಳು ನುಂಗದೆ ಬಿಟ್ಟಿರುವ ಕೆರೆ ಏರಿ, ಗೋಮಾಳ, ಕಾಲುವೆ ದಂಡೆಗಳಲ್ಲಿ ತಾನಾಗಿ ಬೆಳೆದ ಗಿಡಗಳನ್ನು ಗುರುತಿಸುವ ಕೆಲಸ. ಒಂದೇ ವರ್ಷದ್ದು. ಆಮೇಲೆ ಏನು ಎಂದು ಯಾರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಆಗ ನಾವು ಇದ್ದದ್ದು ವಿದ್ಯಾರಣ್ಯಪುರಂನಲ್ಲಿ. ಕೆಲಸ ಸಿಕ್ಕ ತಿಂಗಳಿಗೇ ಅಲ್ಲಿನ ಓನರು ಮಗನ ಮದುವೆಯಾಗುತ್ತಿದೆ, ಮನೆ ಬೇಕು ಎಂದರು. ನಾನು ಮತ್ತು ಅವ್ವ ಬೋಗಾದಿಯ ಕಡೆ ಮನೆ ಹುಡುಕಲು ಶುರು ಮಾಡಿದೆವು. ಅಪ್ಪ ತೀರಿಕೊಂಡು ನಾಲ್ಕೈದು ವರ್ಷ ಆಗಿತ್ತು.

ಅಪ್ಪ ಮೇಷ್ಟ್ರಾಗಿದ್ದರು. ನರಸೀಪುರದ ಕಡೆಯ ನಮ್ಮ ಹಳ್ಳಿ ಬಿಟ್ಟು ಮೈಸೂರಿಗೆ ಬಂದ ಮೇಲೆ ಬೌದ್ಧರಾದರು. ಮನೆಯಲ್ಲಿದ್ದ ದೇವರ ಪಟಗಳನ್ನೆಲ್ಲ ತೆಗೆದು ಆ ಮೊಳೆಗೇ ಬುದ್ಧನ ಪಟ ನೇತುಹಾಕಿದರು. ನನಗೆ ಗೌತಮಿ ಎಂದು ಹೆಸರಿಟ್ಟರು. ಅವ್ವನ ಹೆಸರನ್ನೂ ಬದಲಾಯಿಸಲು ಹೋದಾಗ ಅವಳು, "ಪಟ ಬೇಕಾರೆ ತೆಗೀರಿ, ನನ್ನೆಸ್ರು ತಂಟೆಗೆ ಬರ್ಬ್ಯಾಡಿ" ಎಂದಳಂತೆ. ಹಾಗಾಗಿ ಅವ್ವ ಸಿದ್ದಮ್ಮನಾಗಿಯೇ ಉಳಿದಳು. ಹೂವು ಗಿಡದ ಮೇಲಿರಬೇಕು ಇಲ್ಲವೇ ಹೆಂಗಸರ ತಲೆಯ ಮೇಲಿರಬೇಕು, ಕಲ್ಲಿನ ಮೇಲೆ ಅದಕ್ಕೇನು ಕೆಲಸ ಎನ್ನುವುದು ಅಪ್ಪನ ವಾದ. ಪೂಜೆಯೇ ಇಲ್ಲದ ಮನೆಯಲ್ಲಿ ಬೆಳೆದ ನನಗೆ, ಪೂಜೆ ಮುಗಿದ ಮೇಲೆ ಆ ಹೂವು ಎಲ್ಲಿಗೆ ಹೋಗುತ್ತದೆ ಎನ್ನುವುದು ಎಂದೂ ತಲೆಗೆ ಹೊಳೆದದ್ದಿಲ್ಲ. ಇದನ್ನು ಈಗಲೇ ಹೇಳಿಬಿಡುತ್ತೇನೆ, ಮುಂದೆ ಬೇಕಾಗುತ್ತದೆ.

ಆಷಾಢದ ಗಾಳಿ ಬೀಸುತ್ತಿತ್ತು. ಬೋಗಾದಿಯ ಗೇಟುಗಳಿಗೆ ಕಟ್ಟಿದ ಟು-ಲೆಟ್ ಬೋರ್ಡುಗಳು ಪಟಪಟ ಬಡಿದುಕೊಳ್ಳುತ್ತಿದ್ದವು. ಆಷಾಢದಲ್ಲಿ ಯಾರೂ ಮನೆ ಬದಲಾಯಿಸುವುದಿಲ್ಲ. ಇಷ್ಟು ಮನೆ ಖಾಲಿ ಇವೆಯಲ್ಲ, ನಮಗೆ ಆಷಾಢದ ಹಂಗಿಲ್ಲ, ಸುಲಭವಾಗಿ ಸಿಗುತ್ತದೆ ಎಂದುಕೊಂಡಿದ್ದೆ. ಎಂಥ ದಡ್ಡಿ ನಾನು!

"ನೇಟಿವ್ ಯಾವ್ದಮ್ಮ?"

"ಮೈಸೂರೇ ಸಾರ್."

"ಮೈಸೂರು ಸರಿ. ನೇಟಿವ್ವು?"

"ನರಸೀಪುರದ ಕಡೆ."

"ಓಹೋ. ಮನೆದೇವ್ರು ಯಾವ್ದು?"

ನಿಮ್ಮ ಜಾತಿ ಯಾವುದು ಎಂದು ಮೈಸೂರಿನಲ್ಲಿ ಯಾರೂ ಬಾಯಿಬಿಟ್ಟು ಕೇಳುವುದಿಲ್ಲ. ಊರು ಕೇಳುತ್ತಾರೆ, ಆಮೇಲೆ ಮನೆದೇವರನ್ನು ಕೇಳುತ್ತಾರೆ. ಮನೆದೇವರ ಹೆಸರು ಹೇಳಿದರೆ ಉಳಿದದ್ದೆಲ್ಲ ತಾನಾಗಿ ತಿಳಿಯುತ್ತದೆ. ನಾನು ತಡವರಿಸುತ್ತಿದ್ದೆ. ಅವ್ವ ತಡವರಿಸುತ್ತಿರಲಿಲ್ಲ. "ನಮ್ಗೆ ಮನೆದೇವ್ರಿಲ್ಲ ಕಣಪ್ಪ. ನಮ್ಮೆಜಮಾನ್ರು ಮಡಿಕಳಕ್ ಬುಡ್ಲಿಲ್ಲ" ಎನ್ನುತ್ತಿದ್ದಳು. ಅಲ್ಲಿಗೆ ಮುಗಿಯುತ್ತಿತ್ತು. ಒಬ್ಬರ ತಂಗಿಯ ಮಗಳು ಬೆಂಗಳೂರಿನಿಂದ ಬರುವವಳಿದ್ದಳು, ಇನ್ನೊಬ್ಬರಿಗೆ ಪೇಂಟಿಂಗ್ ಮಾಡಿಸುವುದಿತ್ತು. ಎಲ್ಲರೂ ಫೋನ್ ಮಾಡುತ್ತೇವೆ ಎಂದರು. ನಾನು ಮೂರು ಹೊತ್ತೂ ಫೋನು ಕೈಯಲ್ಲಿ ಹಿಡಿದುಕೊಂಡೇ ಇದ್ದೆ. ಕೂತರೆ ನಿಲ್ಲಬೇಕು, ನಿಂತರೆ ಎಲ್ಲಿಗಾದರೂ ಹೋಗಬೇಕು ಅನ್ನಿಸುವಂಥ ದಿನಗಳು ಅವು. ರಾತ್ರಿ ಅವ್ವ, "ಕಾಲಾಡುಸ್ಬ್ಯಾಡ ಕಣವ್ವ, ಮಂಚ ಅಳ್ಳಾಡ್ತದೆ" ಎಂದು ಗದರುತ್ತಿದ್ದಳು.

ಕೊನೆಗೆ ಮನೆ ಕೊಟ್ಟವರು ಗೌರಮ್ಮ. ಬೋಗಾದಿಯ ಹಳೆಯ ಒಕ್ಕಲು ಮನೆತನದವರು. ಹೊಲವೆಲ್ಲ ಲೇಔಟ್ ಆದ ಮೇಲೆ ಕೆರೆ ಏರಿಯ ಪಕ್ಕ ಮಹಡಿ ಮನೆ ಕಟ್ಟಿ, ಮೇಲಿನದನ್ನು ಬಾಡಿಗೆಗೆ ಬಿಟ್ಟಿದ್ದರು. ಅವರೂ ಊರು ಕೇಳಿದರು, ಮನೆದೇವರನ್ನು ಕೇಳಿದರು. ಅವ್ವನ ಉತ್ತರ ಕೇಳಿ, "ಆಷಾಢ್ದಲ್ಲೇ ಬತ್ತೀರಾ?" ಎಂದರು.

"ನಾಳೀಕೇ ಬತ್ತೀವಿ."

"ಆಗ್ಲಿ ಬುಡಿ. ಮೀನೊಂದು ಮಾಡ್ಬೇಡಿ, ವಾಸ್ನೆ ಕೆಳೀಕೆ ಬತ್ತದೆ."

ಮನೆ ಸಿಕ್ಕಿತೆಂದು ಖುಷಿಪಡಬೇಕೋ, ಮೀನಿನ ಮಾತಿಗೆ ಸಿಟ್ಟಾಗಬೇಕೋ ತಿಳಿಯಲಿಲ್ಲ. ಅವ್ವ ಮಾತ್ರ ಗೆದ್ದವಳಂತೆ ಮೆಟ್ಟಿಲಿಳಿದಳು.

ಗಿಡ ಕಣ್ಣಿಗೆ ಬಿದ್ದದ್ದು ಶ್ರಾವಣದಲ್ಲಿ, ಇದೇ ಏರಿಯ ಮೇಲೆ, ಇದೇ ಅರಳಿ ಮರದ ಆಚೆ. ಮೊಣಕಾಲೆತ್ತರ, ಒರಟು ಎಲೆ, ಕವಲೊಡೆದ ಕಡ್ಡಿಗಳ ತುದಿಯಲ್ಲಿ ಹೂವು. ಸುತ್ತ ತೆಳ್ಳನೆಯ ನೇರಳೆ ಎಸಳು, ನಡುವೆ ಹಳದಿ ಕಣ್ಣು. ಸೇವಂತಿಗೆ, ಸೂರ್ಯಕಾಂತಿ, ಚೆಂಡುಹೂವು, ಎಲ್ಲರೂ ಶಪಿಸುವ ಪಾರ್ಥೇನಿಯಂ, ಎಲ್ಲವೂ ಈ ಬಳಗದವೇ. ಈ ಬಳಗದಲ್ಲಿ ನಾವು ಒಂದು ಹೂವು ಎನ್ನುವುದು ನಿಜಕ್ಕೂ ಒಂದು ಹೂವಲ್ಲ. ಅದೊಂದು ವಠಾರ. ನೂರಾರು ಪುಟ್ಟ ಹೂಗಳು ಒಂದೇ ಸೂರಿನಡಿ ಒತ್ತೊತ್ತಾಗಿ ಬದುಕುತ್ತವೆ. ಬುಡ ಕೆದಕಿದೆ. ಬೇರು ಗಟ್ಟಿಯಾಗಿ ಕಟ್ಟಿಗೆಯಂತಾಗಿತ್ತು, ಹಳೆಯ ಕಡ್ಡಿಗಳ ಮೊಂಡುಗಳು ಉಳಿದಿದ್ದವು. ಒಂದು ಮಳೆಗೆ ಹುಟ್ಟಿ ಸಾಯುವ ಗಿಡವಲ್ಲ ಇದು, ವರ್ಷವರ್ಷವೂ ಅದೇ ಬುಡದಿಂದ ಚಿಗುರುವಂಥದ್ದು. ನಮ್ಮ ಜಿಲ್ಲೆಯ ಸಸ್ಯಗಳ ಪುಸ್ತಕದಲ್ಲಿ ಹುಡುಕಿದೆ, ರಾಜ್ಯದ್ದರಲ್ಲಿ ಹುಡುಕಿದೆ. ಎಲ್ಲೂ ಇಲ್ಲ.

ನನ್ನ ಮೇಲಿನವರು ನಳಿನಾ ಮೇಡಂ. ಬಿಳಿ ಕೂದಲು, ಮೆತ್ತಗಿನ ಮಾತು, ಯಾವುದಕ್ಕೂ ಅವಸರವಿಲ್ಲ. ಅವರ ಆ ನಿಧಾನ ಕಂಡರೇ ನನಗೆ ಮೈ ಪರಚಿಕೊಳ್ಳುವಂತಾಗುತ್ತಿತ್ತು. ಗಿಡವನ್ನು ಲೆನ್ಸಿನಡಿ ಇಟ್ಟುಕೊಂಡು ನೋಡಿಯೇ ನೋಡಿದರು. "ಆಸ್ಟರ್ ಅನ್ನೋದರಲ್ಲಿ ಸಂಶಯ ಇಲ್ಲ. ಆದರೆ ಕಾಡು ಆಸ್ಟರ್‌ಗಳು ನಮ್ಮ ದೇಶದಲ್ಲಿ ಹಿಮಾಲಯದ ಕಡೆ ಇವೆ. ಮೈಸೂರಿನ ಬಯಲಿನಲ್ಲಿ ಹೇಗೆ?" ಎಂದರು.

"ಹೊಸದಿರಬಹುದು ಮೇಡಂ."

"ಇರಬಹುದು. ಇಲ್ಲದೆಯೂ ಇರಬಹುದು. ಮೊದಲು ಇದರ ನೆಲೆ ಎಲ್ಲೆಲ್ಲಿದೆ ನೋಡು. ಈ ಮಣ್ಣಿನದೇ ಆದರೆ ಒಂದೇ ಏರಿಗೆ ಯಾಕೆ ಅಂಟಿಕೊಂಡಿರುತ್ತೆ?"

ಸ್ಕೂಟರ್ ಏರಿದವಳು ವಾರಗಟ್ಟಲೆ ಇಳಿಯಲಿಲ್ಲ. ಹೂಟಗಳ್ಳಿಯ ಫ್ಯಾಕ್ಟರಿ ಕಾಂಪೌಂಡುಗಳ ಹಿಂದೆ, ಅರ್ಧ ಕಟ್ಟಿದ ಮನೆಗಳ ನಡುವೆ, ಮಳೆ ನೀರು ನಿಂತ ಖಾಲಿ ಸೈಟುಗಳಲ್ಲಿ ಅಲೆದೆ. ಇನ್ನೆರಡು ಕಡೆ ಸಿಕ್ಕಿತು. ಹೂಟಗಳ್ಳಿ ದಾರಿಯ ಪಾಳುಬಾವಿಯ ಪಕ್ಕ ಒಂದು ಪೊದೆ, ಕಾಲುವೆ ದಂಡೆಯ ಬೇವಿನ ಮರದ ಬುಡದಲ್ಲಿ ಇನ್ನೊಂದು. ಎರಡು ಕಡೆಯೂ ಕುಣಿದಾಡುವಷ್ಟು ಸಂತೋಷವಾಯಿತು. ಗಿಡದ ಸುತ್ತ ಬಿದ್ದಿದ್ದ ಪ್ಲಾಸ್ಟಿಕ್ ಕವರು, ಗಾಜೊಡೆದ ದೇವರ ಫ್ರೇಮು, ಒಣಗಿದ ಹಾರದ ದಾರ ನನ್ನ ಫೋಟೋದಲ್ಲಿ ಬರಬಾರದೆಂದು ಕಡ್ಡಿಯಿಂದ ಆಚೆ ಸರಿಸಿದೆ. ಹೌದು, ನಾನೇ, ನನ್ನ ಕೈಯಾರೆ ಸರಿಸಿದೆ!

ಹೊಸ ಗಿಡವಾದರೆ ಅದನ್ನು ಮೊದಲು ವಿವರಿಸಿದವರಿಗೆ ಹೆಸರಿಡುವ ಹಕ್ಕಿರುತ್ತದೆ. ತನ್ನ ಹೆಸರನ್ನು ತಾನೇ ಇಟ್ಟುಕೊಳ್ಳುವುದು ಮರ್ಯಾದೆಯಲ್ಲ, ಬೇರೆಯವರದನ್ನು ಇಡಬಹುದು. ನಾನು ಯೋಚಿಸಲೇ ಇಲ್ಲ. ಅವತ್ತು ಸಂಜೆ ಅವ್ವ ಸೊಪ್ಪು ಬಿಡಿಸುತ್ತಿದ್ದಾಗ ಹೇಳಿದೆ. "ಅವ್ವ, ಆ ಗಿಡಕ್ಕೆ ನಿನ್ನ ಹೆಸರಿಡ್ತೀನಿ. ಲ್ಯಾಟಿನ್‌ನಲ್ಲಿ ಆಸ್ಟರ್ ಸಿದ್ದಮ್ಮೇ. ಪ್ರಪಂಚದಲ್ಲಿ ಯಾರೇ ಈ ಗಿಡ ನೋಡಿದ್ರೂ ಹಂಗೇ ಕರೀಬೇಕು."

"ಗಿಡುಕ್ಕಾ? ನನ್ನೆಸ್ರಾ?" ಅವ್ವ ನಗತೊಡಗಿದಳು. "ದನ ಮೇಯ್ಕೊಂಡ್ ಓದ್ರೆ?"

"ಮತ್ತೆ ಚಿಗುರುತ್ತೆ."

"ಅದ್ರ ನೇಟಿವ್ ಯಾವ್ದು ಅಂತ ಕೇಳುದ್ರೆ?"

"ಬೋಗಾದಿ ಅಂತೀನಿ. ಬೋಗಾದಿ ಸುತ್ತಮುತ್ತ ಬಿಟ್ಟು ಇನ್ನೆಲ್ಲೂ ಇಲ್ಲ."

ಮಾರನೆಯ ಸಂಜೆಯಿಂದ ಅವ್ವ ದಿನವೂ ಏರಿಗೆ ಹೋಗತೊಡಗಿದಳು. ದನ ಬಂದರೆ ಓಡಿಸುತ್ತಿದ್ದಳಂತೆ. ತರಕಾರಿಯವಳಿಗೆ, ಹಾಲಿನವನಿಗೆ, ಎದುರು ಮನೆಯವರಿಗೆ ಎಲ್ಲರಿಗೂ ಹೇಳಿದ್ದಳು. ರೇಷನ್ ಕಾರ್ಡಿನಲ್ಲಿ, ಆಸ್ಪತ್ರೆ ಚೀಟಿಯಲ್ಲಿ ಹೆಸರು ಬರೆಸಿಕೊಂಡು ಗೊತ್ತಿದ್ದ ಅವ್ವನಿಗೆ ಮೊದಲ ಸಲ ತನ್ನ ಹೆಸರು ಬೇರೆಲ್ಲೋ ಹೋಗಿ ನಿಲ್ಲುವ ಆಸೆ ಹುಟ್ಟಿತ್ತು. ಅದು ನನಗೆ ತಿಳಿಯುತ್ತಿತ್ತು. ತಿಳಿದಷ್ಟೂ ನನ್ನ ತಳಮಳ ಹೆಚ್ಚುತ್ತಿತ್ತು.

ಗೌರಿ ಹಬ್ಬ, ಗಣೇಶನ ಹಬ್ಬ ಮುಗಿದ ಮರುದಿನ. ಮಳೆ ಬಿಟ್ಟು ಬಿಟ್ಟು ಸುರಿಯುತ್ತಿತ್ತು. ನಾನು ಮೆಟ್ಟಿಲು ಹತ್ತುತ್ತಿದ್ದೆ, ಅವ್ವ ಇಳಿಯುತ್ತಿದ್ದಳು. ಕೈಯಲ್ಲಿ ಉಬ್ಬಿದ ಪ್ಲಾಸ್ಟಿಕ್ ಕವರು.

"ಏನವ್ವ ಅದು?"

"ಗೌರಮ್ಮೋರ್ ಮನೆ ಹಬ್ಬುದ್ ಹೂವು. ಏರಿ ಕಡೀಕೆ ಓಯ್ತಾ ಇವ್ನಿ ಅಂದೆ, ಮರುದ್ ಬುಡಕ್ ಹಾಕ್ಬುಡವ್ವ ಅಂತ ಕೊಟ್ರು."

ಎಲ್ಲಿತ್ತೋ ಸಿಟ್ಟು. "ಮೀನು ಮಾಡ್ಬೇಡಿ ಅಂದೋರು, ಹಬ್ಬದ ದಿನ ಒಳಗೆ ಬನ್ನಿ ಅಂತ ಒಂದು ಮಾತು ಕರೀಲಿಲ್ಲ. ಅವರ ದೇವರ ಕಸ ಹೊರೋಕೆ ಮಾತ್ರ ನೀನು ಬೇಕಾ? ಇದಕ್ಕಾ ಅಪ್ಪ ಊರು ಬಿಟ್ಟು ಬಂದಿದ್ದು?"

"ಕಸ ಅನ್ಬ್ಯಾಡ ಕಣವ್ವ. ಪೂಜೆ ಮಾಡುದ್ ಹೂ ಅದು. ಡಸ್ಟ್‌ಬಿನ್ನಿಗೆ ಹಾಕಕಿಲ್ಲ. ನಾಲ್ಕ್ ಜನ ತುಳೀದಿರೋ ಕಡೆ, ಮರುದ್ ಬುಡಕ್ಕೋ ನೀರ್ ದಡುಕ್ಕೋ ಹಾಕ್ತಾರೆ."

ನಾನು ಕವರು ಕಿತ್ತುಕೊಂಡೆ. ಅವ್ವ ಬಿಡಲಿಲ್ಲ. ಕವರು ಹರಿದು ಎಲ್ಲ ಮೆಟ್ಟಿಲ ಮೇಲೆ ಚೆಲ್ಲಿತು. "ತುಳೀಬ್ಯಾಡ!" ಎಂದು ಅವ್ವ ಕೂಗಿದಳು. ನಾನು ಎತ್ತಿದ ಕಾಲು ಹಾಗೆಯೇ ಹಿಡಿದೆ. ಬಾಡಿದ ಸೇವಂತಿಗೆ, ಗರಿಕೆ, ಮಾವಿನ ಎಲೆ. ಅವುಗಳ ನಡುವೆ ನೇರಳೆ ಎಸಳು, ಹಳದಿ ಕಣ್ಣು. ಒಂದಲ್ಲ, ಒಂದು ಹಿಡಿ. ಅದರಲ್ಲೊಂದು ಕಡ್ಡಿಯ ತುದಿಯಲ್ಲಿ ಬೇರಿತ್ತು, ಬೇರಿಗೆ ಕೆಮ್ಮಣ್ಣು ಅಂಟಿತ್ತು.

ಒದ್ದೆ ಮೆಟ್ಟಿಲ ಮೇಲೆಯೇ ಕೂತುಬಿಟ್ಟೆ. ಅರಳಿ ಮರ, ಪಾಳುಬಾವಿ, ಬೇವಿನ ಬುಡ. ಈ ಮೂರು ಜಾಗಗಳಲ್ಲೂ ಜನ ದೇವರ ಹೂವು ತಂದು ಹಾಕುತ್ತಾರೆ. ಪೂಜೆ ಮಾಡುವ ಮನೆಯಲ್ಲಿ ಬೆಳೆದ ಯಾರಾದರೂ ಮೊದಲ ದಿನವೇ ಅನುಮಾನ ಪಡುತ್ತಿದ್ದರು. ಮಳೆಗಾಲದ ಆ ತೇವದ ರಾಶಿಯಲ್ಲಿ ತುಂಡು ಬೇರು ಸಾಕಲ್ಲ, ಬದುಕಿಕೊಳ್ಳಲು.

ಗದ್ದಲ ಕೇಳಿ ಗೌರಮ್ಮ ಹೊರಗೆ ಬಂದರು. ಆ ಹೂವು ಎಲ್ಲಿಂದ ತಂದಿರಿ ಎಂದು ಕೇಳಿದೆ. "ಮಾರ್ಕೆಟ್ಟಿಂದು ಕಣಮ್ಮ. ಡೈಸಿ. ವರ್ಷಾನೂ ತತ್ತೀವಲ್ಲ" ಎಂದು, ನನ್ನ ಮುಖ ನೋಡಿ, "ಯಾಕೆ, ಹುಷಾರಿಲ್ವಾ? ಕಾಫಿ ಕೊಡ್ಲಾ?" ಎಂದರು. ಆ ಮನೆಗೆ ಬಂದ ಮೇಲೆ ಅವರು ಕಾಫಿಗೆ ಕರೆದದ್ದು ಅದೇ ಮೊದಲು. ನಾನು ಕುಡಿಯದೆ ಎದ್ದುಬಂದೆ.

ಮಾರನೆಯ ಬೆಳಗ್ಗೆ ಮಾರ್ಕೆಟ್ಟಿಗೆ ಹೋದೆ. ಅದೇ ಹೂವು ಕಟ್ಟುಕಟ್ಟಾಗಿ ಇತ್ತು. ಬಿಳಿಯದೂ ಇತ್ತು, ನೇರಳೆಯದೂ ಇತ್ತು. ಹಬ್ಬದ ಅವಸರಕ್ಕೆ ತೋಟದವರು ಕೊಯ್ಯುವ ಬದಲು ಕೆಲವನ್ನು ಬುಡಸಮೇತ ಕಿತ್ತುಬಿಡುತ್ತಾರೆ ಎಂದ ಹೂವಿನವನು. ಗಿಡ ಹುಡುಕುತ್ತ ಊರಿನ ಹೊರಗೆಲ್ಲ ಅಲೆದವಳು ಊರ ನಡುವಿನ ಹೂವಿನ ಅಂಗಡಿಯನ್ನು ಒಂದು ಸಲವೂ ಕಣ್ಣೆತ್ತಿ ನೋಡಿರಲಿಲ್ಲ.

ನಳಿನಾ ಮೇಡಂ ಬೈಯಲಿಲ್ಲ. ಎರಡು ದಿನ ತೆಗೆದುಕೊಂಡು ಹೆಸರು ಹುಡುಕಿ ಕೊಟ್ಟರು: ಆಸ್ಟರ್ ಅಮೆಲಸ್. ಆಸ್ಟರ್ ಅಂದರೆ ಗ್ರೀಕಿನಲ್ಲಿ ನಕ್ಷತ್ರ. ಅಮೆಲಸ್ ಅನ್ನೋದು ಇಟಲಿಯ ಒಂದು ನದಿಯ ಹೆಸರಿನಿಂದ ಬಂತು, ಅದರ ದಡದಲ್ಲಿ ಈ ಹೂವು ಬೆಳೀತಿತ್ತು ಅಂತ ಹೇಳುವವರಿದ್ದಾರೆ ಎಂದರು. ತವರು ಯೂರೋಪಿನ ಬಿಸಿಲು ಬೀಳುವ ಸುಣ್ಣಕಲ್ಲಿನ ಇಳಿಜಾರುಗಳು. ಅಲ್ಲಿಂದ ಪೂರ್ವಕ್ಕೆ ಸೈಬೀರಿಯದ ಪಶ್ಚಿಮದ ತನಕ ತಾನಾಗಿ ಬೆಳೆಯುತ್ತದೆ. ಅಲ್ಲಿ ಕೆಲವು ಕಡೆ ಈಗ ಅಪರೂಪವಾಗಿ, ಕೀಳಬಾರದೆಂದು ಕಾನೂನೇ ಇದೆಯಂತೆ. ಇಲ್ಲಿ ನಾವು ಕಟ್ಟುಕಟ್ಟಿಟ್ಟು ಮಾರುತ್ತಿದ್ದೇವೆ.

"ಆಸ್ಟರ್ ಅನ್ನೋ ಹೆಸರೂ ಎಲ್ಲರಿಗೂ ಉಳೀಲಿಲ್ಲ ಗೌತಮಿ" ಎಂದರು ಮೇಡಂ. "ಅಮೆರಿಕದ ಆಸ್ಟರ್‌ಗಳನ್ನ ಬೇರೆ ಅಂತ ತೀರ್ಮಾನಿಸಿ ಬೇರೆ ಹೆಸರು ಕೊಟ್ಟಿದ್ದಾರೆ. ಹೆಸರು ಉಳಿಸಿಕೊಂಡವುಗಳಲ್ಲಿ ಇದೂ ಒಂದು."

"ಅವಕ್ಕೂ ಮನೆ ಖಾಲಿ ಮಾಡ್ಸಿದ್ರಾ ಮೇಡಂ?" ಎಂದೆ. ನಗಿಸಲು ಹೇಳಿದ್ದು. ಮೇಡಂ ನನ್ನ ಕೈ ಮೇಲೆ ಕೈಯಿಟ್ಟರು. ಅವರ ನಿಧಾನ ಅವತ್ತು ಮಾತ್ರ ಹಿತವಾಗಿತ್ತು.

ಅವ್ವನಿಗೆ ಹೇಳಲು ಮೂರ್ನಾಲ್ಕು ದಿನ ಒದ್ದಾಡಿದೆ. ಹೇಳಿದಾಗ ಅವಳು ರಾಗಿ ಹಿಟ್ಟು ಜರಡಿ ಹಿಡಿಯುತ್ತಿದ್ದಳು. ಜರಡಿ ನಿಂತಿತು.

"ಅಂಗಾರೆ ನನ್ನೆಸ್ರಿಲ್ವಾ?"

ಅಷ್ಟೇ ಕೇಳಿದಳು. ಬೇರೆ ಏನಾದರೂ ಕೇಳಿದ್ದರೆ, ಬೈದಿದ್ದರೆ, ತಡೆದುಕೊಳ್ಳುತ್ತಿದ್ದೆ. ಇಲ್ಲ ಎಂದು ತಲೆಯಾಡಿಸಿ ಹೊರಗೆ ಬಂದು ಗೇಟಿನ ಹತ್ತಿರ ನಿಂತು ಅತ್ತೆ. ಆ ಸಂಜೆ ಅವ್ವ ಏರಿಗೆ ಹೋಗಲಿಲ್ಲ. ಮಾರನೆಯ ಸಂಜೆಯೂ ಹೋಗಲಿಲ್ಲ.

ದಸರಾ ಹೊತ್ತಿಗೆ ಜಡಿಮಳೆ ಹಿಡಿಯಿತು. ಒಂದು ಮಧ್ಯಾಹ್ನ ನೋಡಿದರೆ ಅವ್ವ ತಲೆಗೆ ಗೋಣಿ ಕೊಪ್ಪೆ ಹಾಕಿಕೊಂಡು, ಏರಿಯಿಂದ ಬುಡ ಕಿತ್ತು ತಂದು ಗೌರಮ್ಮನ ಗೇಟಿನ ಪಕ್ಕ ನೆಡುತ್ತಿದ್ದಾಳೆ. ಎದುರು ಮನೆಯವರು ಕೇಳಿದರೆಂದು ಅವರಿಗೊಂದು ತುಂಡು ಕೊಟ್ಟಳು, ಮೂಲೆ ಮನೆಯವರಿಗೆ ಇನ್ನೊಂದು. ಪೇಂಟಿಂಗ್ ಮಾಡಿಸಬೇಕು ಎಂದು ನಮ್ಮನ್ನು ಕಳಿಸಿದ್ದ ಮನೆಗೂ ಹೋಗಿ ಕೊಟ್ಟುಬಂದಳು. ಏರಿಯ ಉದ್ದಕ್ಕೂ ಉಳಿದದ್ದನ್ನು ಊರಿದಳು. ಹೋದಲ್ಲೆಲ್ಲ ಒಂದೇ ಮಾತು: "ನನ್ ಹೂ ಕಣವ್ವ ಇದು. ನನ್ ಮಗ್ಳು ನನ್ನೆಸ್ರಿಕ್ಕವ್ಳೆ."

ನನಗೆ ನಾಚಿಕೆಯಾಯಿತು. "ಅವ್ವ, ಸುಳ್ಳು ಹೇಳ್ಬೇಡ. ಅದಕ್ಕೆ ಬೇರೆ ಹೆಸರಿದೆ. ಎಲ್ಲಿಂದಲೋ ಬಂದಿರೋದು."

"ಬರ್ಲಿ. ಬಂದಾಗ ನೀನೇನಂತ ಕರ್ದೆ? ಶ್ರಾವಣ್ದಲ್ಲಿ ಏನಂತ ಕರ್ದೆ, ಹೇಳು?"

ಅಷ್ಟು ಹೇಳಿ ಇನ್ನೊಂದು ತುಂಡು ಊರಲು ಬಗ್ಗಿದಳು.

ಕೆಲಸ ಒಂದು ವರ್ಷಕ್ಕೆ ಮುಗಿಯಿತು, ಮುಂದುವರಿಯಲಿಲ್ಲ. ಗೌರಮ್ಮನ ಮಗನಿಗೆ ಮಹಡಿ ಬೇಕಾಯಿತು, ನಾವು ಹೊರಟೆವು. ಹೊರಡುವ ದಿನ ಗೌರಮ್ಮ ಅವ್ವನ ಕೈಹಿಡಿದುಕೊಂಡು ಅತ್ತದ್ದು ನಿಜ, ನಮ್ಮ ಹೊಸ್ತಿಲು ದಾಟದೆ ಆಚೆಯೇ ನಿಂತು ಅತ್ತದ್ದೂ ನಿಜ. ಆಮೇಲೆ ಈ ಊರಿನಲ್ಲೇ ಅಲ್ಲಿ ಇಲ್ಲಿ ಮನೆ ಬದಲಾಯಿಸಿ, ತಿರುಗಿ ವಿದ್ಯಾರಣ್ಯಪುರಂಗೇ ಹೋದೆವು. ನಾನೊಂದು ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದೇನೆ. ಈಗ ಅಲ್ಲಿಯ ಮನೆಯನ್ನೂ ಬಿಡಬೇಕಾಗಿದೆ.

ಏರಿಗೆ ಈಗ ವಾಕಿಂಗ್ ದಾರಿ ಮಾಡಿ, ಪಕ್ಕಕ್ಕೆ ತಂತಿ ಬೇಲಿ ಹಾಕಿದ್ದಾರೆ. ಬೇಲಿಯ ಬುಡದುದ್ದಕ್ಕೂ ನೇರಳೆ ಹೂವು ಸೋನೆಯಲ್ಲಿ ತಲೆ ಬಗ್ಗಿಸಿ ನಿಂತಿತ್ತು. ಛತ್ರಿ ಹಿಡಿದು ಇಬ್ಬರು ಹೆಂಗಸರು ಬರುತ್ತಿದ್ದರು. ಬೋಗಾದಿಗೆ ಹೊಸಬರಿರಬೇಕು, ನನಗೆ ಗುರುತಿರಲಿಲ್ಲ. ಒಬ್ಬಳು ಬಗ್ಗಿ ಹೂವು ಮುಟ್ಟಿ, "ಚೆನ್ನಾಗಿದೆ ಕಣ್ರೀ, ಯಾವ್ ಹೂ ಇದು?" ಎಂದಳು.

"ಸಿದ್ದಮ್ಮನ ಹೂ ಅಂತಾರೆ."

"ಯಾವ ಸಿದ್ದಮ್ಮ?"

"ಈ ಕೆರೆ ಅಮ್ಮನೋರಿರ್ಬೇಕು. ದೇವರ ಹೂ ಎಲ್ಲ ತಂದು ಇಲ್ಲೇ ಹಾಕ್ತಾರಲ್ಲ, ನೋಡಿ. ನಮ್ಮ ಓನರಮ್ಮ ಹೇಳ್ತಿದ್ರು, ಅದನ್ನ ತುಳೀಬಾರ್ದಂತೆ."

ಮೊದಲನೆಯವಳು ಗಾಬರಿಯಿಂದ ಕಾಲು ಹಿಂದೆಗೆದುಕೊಂಡು, ಹೂವು ಮುಟ್ಟಿದ ಕೈಯನ್ನು ಕಣ್ಣಿಗೆ ಒತ್ತಿಕೊಂಡಳು. ನಾನು ಬಾಯಿ ತೆರೆದೆ. ಅಲ್ಲ ಕಣ್ರೀ, ಅದು ಆಸ್ಟರ್ ಅಮೆಲಸ್, ಯೂರೋಪಿನದು ಎನ್ನಬೇಕಿತ್ತು. ಸಿದ್ದಮ್ಮ ದೇವರಲ್ಲ, ವಿದ್ಯಾರಣ್ಯಪುರಂನಲ್ಲಿ ಮಂಡಿನೋವಿಗೆ ಎಣ್ಣೆ ಹಚ್ಚಿಕೊಂಡು ಕೂತಿದ್ದಾಳೆ ಎನ್ನಬೇಕಿತ್ತು. ಬಾಯಿ ಮುಚ್ಚಿಕೊಂಡು ಸ್ಕೂಟರ್ ಸ್ಟಾರ್ಟ್ ಮಾಡಿದೆ. ದಾರಿಯುದ್ದಕ್ಕೂ ಹೆಲ್ಮೆಟ್ಟಿನೊಳಗೆ ನಗುತ್ತಿದ್ದೆನೋ ಅಳುತ್ತಿದ್ದೆನೋ, ಗಾಜು ಮಾತ್ರ ಮಂಜಾಗಿತ್ತು.

ಅವ್ವನಿಗೆ ಎಲ್ಲ ಹೇಳಿದೆ. ಕೆರೆ ಅಮ್ಮನವರು ಎಂದಾಗ ಅವಳು ಕೆಮ್ಮು ಬರುವಷ್ಟು ನಕ್ಕಳು. ನಕ್ಕು ಸುಧಾರಿಸಿಕೊಂಡು, ಗೋಡೆಯ ಮೇಲಿದ್ದ ಅಪ್ಪನ ಫೋಟೋ ನೋಡಿ, "ಕೇಳುದ್ರಾ ಮೇಷ್ಟ್ರೇ, ನೀವು ದ್ಯಾವ್ರೇ ಬ್ಯಾಡ ಅಂದ್ರಿ, ಈಗ ನಾನೇ ದ್ಯಾವ್ರಾಗೋದೆ" ಎಂದಳು. ಆಮೇಲೆ ಮನೆಯ ವಿಚಾರ ಕೇಳಿದಳು. ನಾಳೆ ಓನರ್ ಬರುತ್ತಾರೆ, ನೀನೂ ಬರಬೇಕಂತೆ ಎಂದೆ. ಯಾಕೆಂದು ಅವಳು ಕೇಳಲಿಲ್ಲ. ಸೀರೆಯ ಸೆರಗಿನಿಂದ ಕಣ್ಣೊರೆಸಿಕೊಂಡು ಹೇಳಿದಳು:

"ಮನೆದೇವ್ರು ಯಾವ್ದು ಅಂತ ಕೇಳ್ತಾನಲ್ಲ, ಬೋಗಾದಿ ಸಿದ್ದಮ್ಮ ಅಂತ ಹೇಳ್ಬುಡು. ನಾನು ಪಕ್ಕದಲ್ಲೇ ನಿಂತಿರ್ತೀನಿ."